ತಾಟಿನ ಅಂಚಿನ ಕೆಳಗೆ

ಸನವಳ್ಳಿ, ತಾ. ಮುಂಡಗೋಡ
೯ ಜೂನ್ ೨೦೨೪

ವೀರೇಶ ಸರ್ ಅವರಿಗೆ ಗಿರಿಜಾಬಾಯಿಯ ಶರಣಾರ್ಥಿ.

ನಿಮ್ಮ ಹೇಂತಿ ಶಿವಗಂಗಾ ಮೊದಲ ನಮ್ಮ ಮನಿ ಸೊಸಿ. ನನ್ನ ಸಣ್ಣ ಮಗ ಲೋಕೇಶ ಕಾಮಣಿ ಜಡ್ಡಾಗಿ ತೀರಕೊಂಡಾಗ ಅಕಿ ಇನ್ನಾ ಸಣ್ಣಾಕಿ. ಮಕ್ಕಳಿಲ್ಲ ಮರಿಯಿಲ್ಲ, ಮೂಲಿ ಹಿಡದು ಕುಂಡ್ರಬಾರದು ಅಂತ ನಾನ ಹಟಾ ಮಾಡಿ ಉಡಿಕಿ ಮಾಡಿಸಿ ನಿಮಗ ಕೊಟ್ಟೆ. ವಿಧವಿಗೆ ಎರಡನೇ ಲಗ್ನಾನ ಅಂತ ಮೂಗ ಮುರದವರೂ ಇದ್ರು. ಉಡಿಕಿ ಆಗಿ ಹೋದಾಕಿ ಮೊದಲಿನ ಮನಿ ಹೊಸ್ತಲಾ ಮತ್ತ ತುಳಿಯಂಗಿಲ್ಲ ಅನ್ನೂದು ನಮ್ಮ ಮನತಾನದ ಪದ್ಧತಿ. ಹಿತ್ತಲ ಬಾಗಲದಿಂದ ಕಳಿಸಿದೆ, ಉಡಿಕಿಗೂ ನಾ ಬರಲಿಲ್ಲ. ಹಿಂಗಾಗಿ ನಿಮ್ಮ ಮಾರಿನೂ ನಾ ನೋಡಿಲ್ಲ, ನಿಮ್ಮ ಮಗಳ ಮಾರಿನೂ ನೋಡಿಲ್ಲ.

ಫೋನ್ ಮಾಡಿದ್ರ ಶಿವಗಂಗಾ ಎತ್ತತಾಳ. ಅಕಿ ದನಿ ಕೇಳಿದ್ರ ನನಗ ಮುಂದ ಮಾತಾಡಾಕ ಆಗೂದಿಲ್ಲ. ಅದಕ್ಕ ನಿಮ್ಮ ಕಾಲೇಜಿನ ವಿಳಾಸಕ್ಕ ಬರಿಯಾಕತ್ತೀನಿ.

ನಮ್ಮ ಓಣಿ ಈರಕ್ಕ ಹೋದ ತಿಂಗಳ ಹಳಿಯಾಳಕ್ಕ ಬಂದಾಕಿ ನಿಮ್ಮ ಮನ್ಯಾಗ ಉಂಡು ಬಂದಾಳ. ಊರಿಗೆ ಬಂದಾಕಿ ತನ್ನ ಮನಿಗೂ ಹೋಗಲಿಲ್ಲ, ಚೀಲಾ ಹಿಡಕೊಂಡ ನನ್ನ ಹಂತೇಕ ಬಂದ್ಲು. "ಗಿರಿಜವ್ವಾ, ಆ ಹುಡುಗಿ ಊಟದ ಕಡೀಕ ಒಂದು ತುಂಡು ರೊಟ್ಟಿ ನಾಕು ಮಡಿಕಿ ಮಾಡಿ ತಾಟಿನ ಅಂಚಿನ ಕೆಳಗ ಇಟ್ಲಬೇ" ಅಂದ್ಲು.

ಲೋಕೇಶ ಹಂಗ ಇಡತಿದ್ದ. ಕೈ ತೊಳಕೊಂಡ ಮ್ಯಾಲೆ ಆ ತುಂಡು ಒಯ್ದು ಎಮ್ಮಿ ಕರಾಕ್ಕ ತಿನಸ್ತಿದ್ದ. ನಮ್ಮ ಮನ್ಯಾಗ ಬ್ಯಾರೆ ಯಾರೂ ಇಡೂದಿಲ್ಲ. ಊರಾಗೂ ನಾ ಕಂಡಿಲ್ಲ.

ಹೇಳಬಾರದ ಮಾತು ಹೇಳತೇನಿ, ತಪ್ಪ ತಿಳೀಬ್ಯಾಡ್ರಿ. ಎಮ್ಮಿಗೆ ಮೊದಲ ಕೂಡಿದ ಕೋಣದ ಗುರುತು ಆಮ್ಯಾಲಿನ ಕರಾದಾಗೂ ಬರತೈತಿ ಅಂತ ನಮ್ಮ ಕಡೆ ಗೌಳ್ಯಾರು ಹೇಳತಾರ, ಕೋಣ ಬ್ಯಾರೆ ಆದ್ರೂ. ಹೆಣ್ಣಿನ ಹೊಟ್ಟಿ ಮರಿಯೂದಿಲ್ಲಂತ. ನೀವು ಪ್ರಾಣಿಶಾಸ್ತ್ರ ಕಲಸವ್ರು. ಇದು ಖರೇ ಹೌದೋ ಅಲ್ಲೋ ಹೇಳ್ರಿ.

ನನಗ ಬ್ಯಾರೆ ಏನೂ ಬ್ಯಾಡ. ಆ ಹುಡುಗಿ ಉಣ್ಣೂದು ಒಮ್ಮೆ ನೋಡಬೇಕು. ಒಂದ ಊಟಾ.

ಗಿರಿಜಾಬಾಯಿ


ಹಳಿಯಾಳ
೨೨ ಜೂನ್ ೨೦೨೪

ಗಿರಿಜಾಬಾಯಿಯವರಿಗೆ, ನಮಸ್ಕಾರ.

ನಿಮ್ಮ ಪತ್ರ ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ, ಒಂದು ಕಪ್ಪೆಯ ಅಸ್ಥಿಪಂಜರದ ಪಕ್ಕದಲ್ಲಿ ಕೆಲವು ದಿನ ಇತ್ತು. ಉತ್ತರ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನೀವು ಕೇಳಿದ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದು, ಹಾಗಾಗಿ ಬರೆಯುತ್ತಿದ್ದೇನೆ.

ಗೌಳಿಗಳು ಹೇಳುವುದನ್ನು ಒಂದು ಕಾಲದಲ್ಲಿ ಯುರೋಪಿನ ಪಂಡಿತರೂ ಹೇಳುತ್ತಿದ್ದರು. ಸುಮಾರು ಇನ್ನೂರು ವರ್ಷಗಳ ಹಿಂದೆ ಬ್ರಿಟನ್ನಿನ ಒಬ್ಬ ಶ್ರೀಮಂತ ತನ್ನ ಹೆಣ್ಣು ಕುದುರೆಯನ್ನು ಕ್ವಾಗಾ ಎಂಬ ಪ್ರಾಣಿಯ ಜೊತೆ ಕೂಡಿಸಿದ. ಮುಂಭಾಗಕ್ಕೆ ಮಾತ್ರ ಪಟ್ಟೆಗಳಿದ್ದ, ಜೀಬ್ರಾದ ಜಾತಿಯ ಪ್ರಾಣಿ ಅದು. ಈಗ ಭೂಮಿಯ ಮೇಲೆ ಒಂದೂ ಉಳಿದಿಲ್ಲ. ಆಮೇಲೆ ಅದೇ ಕುದುರೆಗೆ ಒಂದು ಕಪ್ಪು ಅರಬ್ಬಿ ಗಂಡು ಕುದುರೆಯಿಂದ ಮರಿಗಳಾದವು. ಆ ಮರಿಗಳ ಕಾಲಿನ ಮೇಲೆ ಪಟ್ಟೆಗಳಿದ್ದವು. ಸುದ್ದಿ ದೊಡ್ಡದಾಯಿತು. ಡಾರ್ವಿನ್ ಕೂಡ ಅದನ್ನು ನಂಬಿದ. ದೇಹದ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣದ ಕಣಗಳನ್ನು ಉದುರಿಸುತ್ತದೆ, ಸಂತಾನ ಆಗುವುದು ಆ ಕಣಗಳಿಂದ ಎಂಬುದು ಅವನ ಊಹೆಯಾಗಿತ್ತು. ಮೊದಲ ಗಂಡಿನ ಕಣಗಳು ತಾಯಿಯ ಒಡಲಿನಲ್ಲಿ ಉಳಿದುಕೊಂಡರೆ ಆಶ್ಚರ್ಯವಿಲ್ಲ ಎಂದುಕೊಂಡ.

ಅವನ ನಂತರ ಬಂದವರೊಬ್ಬರು ಜೀಬ್ರಾ ತಂದು ಅದೇ ಪ್ರಯೋಗ ಮಾಡಿ ನೋಡಿದರು. ಮುಂದಿನ ಮರಿಗಳಲ್ಲಿ ಮೊದಲ ಗಂಡಿನ ಗುರುತೇನೂ ಸಿಗಲಿಲ್ಲ. ಜೀಬ್ರಾದ ನೆರಳೂ ಕಾಣದ ಕುದುರೆಗಳ ಮರಿಗಳಿಗೂ ಕೆಲವೊಮ್ಮೆ ಮಸುಕು ಪಟ್ಟೆ ಬರುತ್ತದೆ ಎಂದು ಗೊತ್ತಾಯಿತು. ಅಲ್ಲಿಗೆ ಆ ಸಿದ್ಧಾಂತ ಮುಗಿಯಿತು. ನಿಮ್ಮ ಪ್ರಶ್ನೆಗೆ ಉತ್ತರ: ಖರೆ ಅಲ್ಲ.

ರಾಜಶ್ರೀಗೆ ಈಗ ಆರು ವರ್ಷ. ಅವಳು ನನ್ನ ಮಗಳು. ಇದನ್ನು ಬರೆಯುವ ಪ್ರಸಂಗ ಬರುತ್ತದೆ ಎಂದುಕೊಂಡಿರಲಿಲ್ಲ. ಅವಳ ಕಿವಿಗಳು ನನ್ನವು, ಹಾಲೆ ಕೆನ್ನೆಗೆ ಅಂಟಿಕೊಂಡಿದೆ. ರೊಟ್ಟಿ ಮಡಿಚುವುದು ರಕ್ತದಲ್ಲಿ ಹರಿದು ಬರುವ ಗುಣವಲ್ಲ. ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಚುತ್ತಾರೆ.

ಭೇಟಿ ಸದ್ಯಕ್ಕೆ ಬೇಡ ಎನಿಸುತ್ತದೆ. ತನ್ನ ತಾಯಿಗೆ ಮೊದಲೊಂದು ಮನೆ ಇತ್ತು ಎಂಬುದು ಹುಡುಗಿಗೆ ಗೊತ್ತಿಲ್ಲ.

ವೀರೇಶ


ಸನವಳ್ಳಿ
೧೪ ಜುಲೈ ೨೦೨೪

ವೀರೇಶ ಸರ್ ಅವರಿಗೆ,

ಕಾಗದ ಮುಟ್ಟಿತು. ನಮ್ಮಲ್ಲಿ ನಾಟಿ ನಡದೈತಿ, ಕೈ ಬಿಡುವಿಲ್ಲ. ಅದಕ್ಕ ದೊಡ್ಡ ಮಗ ಈಶಪ್ಪನ ಕಡಿಂದ ಓದಿಸಿ ಕೇಳಿದೆ. ಅವ, "ಅವ್ವಾ, ಅವರು ಕಾಲೇಜಿನವರು. ಅವರ ಮುಂದ ನಿನ್ನ ಎಮ್ಮಿ ಮಾತು ಯಾಕ ತಗದಿ?" ಅಂದ. "ಅವರೂ ಕುದರಿ ಮಾತ ತಗದಾರಲ್ಲೋ" ಅಂದೆ.

ನಿಮ್ಮ ಡಾರ್ವಿನ್ ಅಜ್ಜ ನಂಬಿದ್ದ ಅಂತೀರಿ. ಅವ ದೊಡ್ಡ ಮನಷ್ಯಾ ಅಂತ ಕೇಳೇನಿ. ಅಂಥವ ನಂಬಿದ್ದನ್ನ ನಮ್ಮ ಗೌಳಿ ಜ್ಯೋತಿಬಾನೂ ನಂಬ್ಯಾನ. ಜ್ಯೋತಿಬಾಗ ಇದನ್ನ ಹೇಳಿದೆ, ಎದಿ ಉಬ್ಬಿಸಿಕೊಂಡ ಅಡ್ಡ್ಯಾಡಾಕತ್ಯಾನ.

ಇರಲಿ. ಖರೇ ಅಲ್ಲ ಅಂದ್ರಿ, ಒಪ್ಪಿದೆ.

ಲೋಕೇಶ ಯಾಕ ಹಂಗ ಇಡತಿದ್ದ ಅಂದ್ರ, ಅವ ನಿಮ್ಮ ಮಗಳಷ್ಟ ಇದ್ದಾಗ ನಮ್ಮದೊಂದು ಎಮ್ಮಿ ಈದು ಸತ್ತು ಹೋತು. ಕರಾ ಉಳೀತು. ಅದಕ್ಕ ಇವ ತನ್ನ ರೊಟ್ಟಿ ತಿನಸ್ತಿದ್ದ. ಉಣ್ಣೂ ರೊಟ್ಟಿ ದನಕ್ಕ ಹಾಕತಿ ಏನಲೇ ಅಂತ ಅವರಪ್ಪ ಬೈತಿದ್ರು. ಅದಕ್ಕ ಅವರ ಕಣ್ಣ ತಪ್ಪಿಸಿ ತಾಟಿನ ಕೆಳಗ ಮುಚ್ಚಿಡಾಕ ಕಲಿತ. ಕರಾ ದೊಡ್ಡದಾತು, ಅದಕ್ಕೂ ಕರಾ ಆದ್ವು, ಬೈಯವರೂ ತೀರಿಕೊಂಡ್ರು. ಇವ ಮುಚ್ಚಿಡೂದು ಬಿಡಲಿಲ್ಲ. ಲಗ್ನ ಆದ ಹೊಸದಾಗಿ ಶಿವಗಂಗಾ, "ಇದ್ಯಾರಿಗ್ರಿ, ನಿಮ್ಮ ಮೊದಲನೇ ಹೇಂತಿಗೇನು?" ಅಂತ ಕಾಡಸ್ತಿದ್ಲು. ಅವ, "ಹೂಂ, ಅಕಿ ನಿನ್ನಂಗ ಮಾತಾಡೂದಿಲ್ಲ" ಅಂತಿದ್ದ.

ನಿಮ್ಮ ಮಗಳು ನಿಮ್ಮಾಕಿ. ಕಸಗೊಳ್ಳಾಕ ಬಂದಾಕಿ ಅಲ್ಲ ನಾ. ನನಗ ಇಲ್ಲೆ ಮೊಮ್ಮಕ್ಕಳದಾರ, ಮನಿ ತುಂಬೇತಿ. ಲೋಕೇಶನ ಅಂಗಿ ಯಾರ್ಯಾರಿಗೋ ಕೊಟ್ವಿ, ಹಾಕ್ಕೊಂಡು ಹರದ್ರು. ಫೋಟೋ ಗ್ವಾಡಿ ಮ್ಯಾಲೈತಿ. ಫೋಟೋ ಉಣ್ಣೂದಿಲ್ಲ. ಅದಕ್ಕ ಕೇಳಿದೆ.

ಗಿರಿಜಾಬಾಯಿ


ಹಳಿಯಾಳ
೧ ಸೆಪ್ಟೆಂಬರ್ ೨೦೨೪

ಗಿರಿಜಾಬಾಯಿಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಈ ನಡುವೆ ನಿಮ್ಮ ಮಾತನ್ನು ಪರೀಕ್ಷಿಸಿ ನೋಡಿದೆ.

ಈರಕ್ಕ ಹೇಳಿದ್ದು ನಿಜ. ರಾಜಶ್ರೀ ಊಟದ ಕೊನೆಯ ತುಂಡನ್ನು ಅರ್ಧಕ್ಕೆ ಮಡಿಚಿ, ಮತ್ತೆ ಅರ್ಧಕ್ಕೆ ಮಡಿಚಿ, ಹೆಬ್ಬೆರಳಿನಿಂದ ಒತ್ತಿ, ತಾಟಿನ ಎಡಗಡೆಯ ಅಂಚಿನ ಕೆಳಗೆ ಸರಿಸುತ್ತಾಳೆ. ಆಮೇಲೆ ಅದನ್ನು ಮರೆತು ಎದ್ದು ಹೋಗುತ್ತಾಳೆ. ತಾಟು ಎತ್ತುವಾಗ ಶಿವಗಂಗಾ ಅದನ್ನೂ ಎತ್ತಿಕೊಂಡು ಹೋಗುತ್ತಾಳೆ. ಇಷ್ಟು ವರ್ಷ ಇದು ನನ್ನ ಎದುರಿಗೇ ನಡೆಯುತ್ತಿತ್ತು, ನಾನು ನೋಡಿರಲಿಲ್ಲ. ನೋಡುವುದನ್ನೇ ಕಲಿಸುವ ಕೆಲಸ ನನ್ನದು.

ನಿಮ್ಮ ಪತ್ರದ ವಿಷಯ ಹೇಳದೆ ಶಿವಗಂಗಾಳನ್ನು ಕೇಳಿದೆ. "ಅಕಿಗೆ ಇದನ್ನ ನೀ ಕಲಿಸಿದೇನು?"

"ಯಾವುದನ್ನ?"

"ರೊಟ್ಟಿ ಮಡಚೂದನ್ನ."

ಅವಳು ಹೇಳಿದಳು: "ಕೂಸಿದ್ದಾಗ ಬಾಯಿ ತಗೀತಿರಲಿಲ್ಲ. ಇದು ಕರಾದ್ದು, ಅದಕ್ಕ ತಗದಿಡೂಣು, ಉಳದದ್ದು ನಿಂದು ಅಂತ ಹೇಳಿ ಉಣಸ್ತಿದ್ದೆ."

"ನಮ್ಮ ಮನ್ಯಾಗ ಕರಾ ಎಲ್ಲೈತಿ?"

ಅವಳು ಎದ್ದಳು. ಹನಿ ಬೀಳುತ್ತಿದ್ದವು, ಒಣಹಾಕಿದ ಬಟ್ಟೆ ತರಲು ಹೋದಳು.

ಇದು ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಕರುವಿಲ್ಲದ ಮನೆಯಲ್ಲಿ ಕರುವಿನ ಪಾಲು. ನಮ್ಮ ದೇಹದಲ್ಲೂ ಇಂಥವು ಇವೆ. ಕಿವಿಯನ್ನು ಸದ್ದಿನ ಕಡೆ ತಿರುಗಿಸುವ ಸ್ನಾಯುಗಳು ನಮಗೆ ಈಗಲೂ ಇವೆ, ಕಿವಿ ತಿರುಗುವುದಿಲ್ಲ. ಕೆಲಸ ಹೋಗಿದೆ, ಅಂಗ ಉಳಿದಿದೆ.

ಇನ್ನೊಂದು ಪ್ರಯೋಗದ ಮಾತು ಹೇಳುತ್ತೇನೆ. ಬದುಕಿನಲ್ಲಿ ಗಳಿಸಿದ್ದು, ಕಳೆದುಕೊಂಡದ್ದು ಎಲ್ಲವೂ ಮಕ್ಕಳಿಗೆ ಇಳಿಯುತ್ತದೆ ಎಂದು ಹಿಂದೆ ಬಹಳ ಜನ ನಂಬಿದ್ದರು. ಜರ್ಮನಿಯ ವೈಸ್ಮನ್ ಎಂಬಾತ ಇಲಿಗಳ ಬಾಲ ಕತ್ತರಿಸಿದ. ಅವುಗಳ ಮರಿಗಳ ಬಾಲವನ್ನೂ ಕತ್ತರಿಸಿದ, ಆ ಮರಿಗಳ ಮರಿಗಳದ್ದನ್ನೂ. ಆದರೂ ಪ್ರತಿ ಸಲ ಹುಟ್ಟಿದ ಮರಿಗೆ ಬಾಲ ಇದ್ದೇ ಇತ್ತು. ರಕ್ತದಲ್ಲಿ ಇರುವುದನ್ನು ಕತ್ತರಿ ಮುಟ್ಟುವುದಿಲ್ಲ. ಕತ್ತರಿಗೆ ಸಿಕ್ಕಿದರೆ ಅದು ರಕ್ತದಲ್ಲಿ ಇಲ್ಲ ಎಂದೇ ಅರ್ಥ.

ನಾನೂ ಹಾಗೆ ಮಾಡಿದೆ. ಒಂದು ದಿನ ಊಟದ ಹೊತ್ತಿಗೆ ರಾಜಶ್ರೀಗೆ, "ತಾಟಿನ ಕೆಳಗ ಏನೂ ಇಡಬಾರದು ಪುಟ್ಟಾ, ಇರುವಿ ಬರತಾವ" ಎಂದೆ. ಅವಳು ನನ್ನ ತಾಟಿನ ಕಡೆ ನೋಡಿದಳು, ನನ್ನ ಮುಖ ನೋಡಿದಳು, ನಕ್ಕಳು. ಮಕ್ಕಳು ಸುಮ್ಮನೆ ನಗುತ್ತಾರೆ. ಮರುದಿನವೂ ಹೇಳಿದೆ. ಈಗ ಪೂರ್ತಿ ಬಿಟ್ಟಿದ್ದಾಳೆ.

ಒಂದು ಮಾತಿಗೆ ಹೋಯಿತು ಎಂದ ಮೇಲೆ ಅದು ನಿಮ್ಮ ಮಗನಿಂದ ರಕ್ತದಲ್ಲಿ ಬಂದದ್ದಲ್ಲ. ನೀವು ನೋಡಬೇಕೆಂದದ್ದು ಈಗ ಇಲ್ಲಿ ಇಲ್ಲ. ನಿಮ್ಮ ಮನಸ್ಸು ಇದರಿಂದ ಹಗುರವಾಗುತ್ತದೆ ಎಂದುಕೊಂಡಿದ್ದೇನೆ.

ವೀರೇಶ


ಸನವಳ್ಳಿ
೧೮ ಸೆಪ್ಟೆಂಬರ್ ೨೦೨೪

ವೀರೇಶ ಸರ್ ಅವರಿಗೆ,

ಇಲಿ ಕತಿ ಓದಿದೆ. ಆ ಇಲಿಗಳಿಗೆ ನೋವಾತೋ ಇಲ್ಲೋ ಅದನ್ನ ನೀವು ಬರದಿಲ್ಲ.

ನಾ ಇನ್ನ ಬರಿಯೂದಿಲ್ಲ.

ಗಿರಿಜಾಬಾಯಿ


ಹಳಿಯಾಳ
೫ ಜನವರಿ ೨೦೨೫

ಗಿರಿಜಾಬಾಯಿಯವರಿಗೆ,

ನೀವು ಬರೆಯುವುದಿಲ್ಲ ಎಂದ ಮೇಲೆ ನಾನು ಬರೆಯಬಾರದು. ನವೆಂಬರಿನಲ್ಲಿ ಒಂದು ಪತ್ರ ಬರೆದೆ, ಅಂಚೆಗೆ ಹಾಕಲಿಲ್ಲ. ಅದರಲ್ಲಿ ಮತ್ತೆ ಬರೀ ಸಿದ್ಧಾಂತಗಳಿದ್ದವು.

ರಾಜಶ್ರೀ ಈಗ ಊಟದ ಕೊನೆಯ ತುಂಡನ್ನು ಅವಸರದಿಂದ ನುಂಗುತ್ತಾಳೆ, ಯಾರೋ ಕಸಿದುಕೊಳ್ಳುತ್ತಾರೆ ಎಂಬ ಹಾಗೆ. ಒಂದು ಸಲ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಬೆನ್ನು ತಟ್ಟುತ್ತಾ ನಾನು ನಿಮ್ಮ ಕೊನೆಯ ಪತ್ರದ ಬಗ್ಗೆ ಯೋಚಿಸುತ್ತಿದ್ದೆ.

ಶಿವಗಂಗಾಗೆ ನಮ್ಮ ಪತ್ರಗಳ ವಿಷಯ ಗೊತ್ತಾಗಿದೆ. ಈರಕ್ಕ ಫೋನಿನಲ್ಲಿ ಹೇಳಿದಳಂತೆ. ಜಗಳವಾಡಲಿಲ್ಲ. ಅಕ್ಕಿ ಆರಿಸುತ್ತಾ ಕೂತಿದ್ದಳು, ತಲೆ ಎತ್ತದೆ ಹೇಳಿದಳು: "ನನ್ನ ಎರಡನೇ ಸಲ ಹಡದಾಕಿ ಅಕಿ. ಅಂಥಾಕಿಗೆ ಇಲಿ ಬಾಲದ ಕತಿ ಬರದು ಕಳಿಸಿದ್ರೇನು?"

ಮೊರದಲ್ಲಿ ಸಿಕ್ಕ ಒಂದು ಕಲ್ಲನ್ನು ಹೊರಗೆ ಎಸೆದಳು.

"ಎಲ್ಲಾ ಬಾಲಾ ಕತ್ತರಿಸಿ ಮುಗೀತು ಅನಕೊಂಡೀರಿ" ಎಂದಳು. ಏನದು ಎಂದರೆ ಹೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ದಿನಗಳಲ್ಲಿ ನಾನು ಮಾಡಿದ್ದು ಪ್ರಯೋಗ ಆಗಿರಲಿಲ್ಲ. ನನ್ನ ಮನೆಯ ಊಟದಲ್ಲಿ ನನ್ನದಲ್ಲದ ಒಂದು ವಸ್ತು ಇದೆ ಎಂದು ಗೊತ್ತಾಯಿತು, ಅದನ್ನು ಹೊರಗೆ ಹಾಕಿದೆ. ಇಲಿಗಳ ವಿಚಾರ ಆಮೇಲೆ ನೆನಪಿಗೆ ಬಂತು.

ನಿಮ್ಮ ಮನೆಯ ಹೊಸ್ತಿಲನ್ನು ಶಿವಗಂಗಾ ತುಳಿಯುವ ಹಾಗಿಲ್ಲ. ನಮ್ಮ ಮನೆಗೆ ನಿಮ್ಮನ್ನು ಕರೆದರೆ ನೀವು ಬರಲಿಕ್ಕಿಲ್ಲ. ಹತ್ತೊಂಬತ್ತನೇ ತಾರೀಕು ಭಾನುವಾರ ನಾವು ಉಳವಿಯ ಚೆನ್ನಬಸವಣ್ಣನ ಗುಡಿಗೆ ಹೋಗುತ್ತೇವೆ. ಅದು ಇಬ್ಬರ ಮನೆಯೂ ಅಲ್ಲ. ಜಾತ್ರೆಗೆ ಇನ್ನೂ ಸಮಯವಿದೆ, ಗದ್ದಲ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು, ತಾಟುಗಳನ್ನೂ ತೆಗೆದುಕೊಂಡು ಬರುತ್ತೇವೆ. ಗುಡಿಯ ಹೊರಗೆ ಮರದ ಕೆಳಗೆ ಕೂತು ಉಣ್ಣೋಣ.

ಮೊದಲೇ ಹೇಳಿಬಿಡುತ್ತೇನೆ, ಹುಡುಗಿ ಈಗ ರೊಟ್ಟಿ ಮಡಿಚುವುದಿಲ್ಲ. ಮತ್ತೆ ಮಾಡು ಎಂದು ನಾನು ಹೇಳಿಕೊಡುವುದೂ ಸರಿಯಲ್ಲ. ಬರೀ ಅವಳನ್ನು ನೋಡಲು ಬರುವುದಾದರೆ ಬನ್ನಿ.

ವೀರೇಶ


ಸನವಳ್ಳಿ
೧೧ ಜನವರಿ ೨೦೨೫

ಬರ್ತೇನಿ. ಈಶಪ್ಪ ಜೀಪ್ ಹೊಡಕೊಂಡು ಬರತಾನ. ರೊಟ್ಟಿ ನೀವು ತರ್ರಿ, ಹೆಪ್ಪು ಹಾಕಿದ ಎಮ್ಮಿ ಮಸರು ನಾ ತರತೇನಿ.

ಗಿರಿಜಾಬಾಯಿ


ಸನವಳ್ಳಿ
೨೩ ಜನವರಿ ೨೦೨೫

ವೀರೇಶಪ್ಪಗ,

ಇಷ್ಟ ದಿನಾ ಸರ್ ಅಂತ ಬರದೆ. ಮಾರಿ ನೋಡಿದ ಮ್ಯಾಲೆ ಹಂಗ ಬರಿಯಾಕ ಕೈ ಬರವಲ್ದು.

ನಿಮ್ಮ ಮಗಳ ಕಿವಿ ನಿಮ್ಮವು, ಖರೇ. ನಡಗಿ ಶಿವಗಂಗಾಂದು. ಬಾಯಿ ಮಾತ್ರ ಯಾರದೂ ಅಲ್ಲ, ಅಷ್ಟ ಮಾತು ನಮ್ಮ ಎರಡೂ ಮನ್ಯಾಗ ಯಾರೂ ಆಡೂದಿಲ್ಲ. ನನ್ನ ತೊಡಿ ಮ್ಯಾಲೆ ಕೈ ಇಟ್ಟು, "ಅಜ್ಜಿ, ನೀ ಯಾರು?" ಅಂತು. ಶಿವಗಂಗಾ, "ನನ್ನ ಅವ್ವ" ಅಂದ್ಲು. "ನಿನಗ ಎಷ್ಟ ಅವ್ವಂದೇರದಾರ?" ಅಂತು. "ಇಬ್ಬರು" ಅಂದ್ಲು. "ನನಗ ಯಾಕ ಒಬ್ಬಾಕಿನ?" ಅಂತ ಅದಕ್ಕ ಸಿಟ್ಟು ಬಂತು. ನೀವು ಆಗ ಮಸರು ಹಾಕ್ಕೊಳ್ಳಾಕತ್ತಿದ್ರಿ, ಕೇಳಿಸಿಕೊಂಡ್ರೋ ಇಲ್ಲೋ.

ಉಣ್ಣೂದು ಕಣ್ತುಂಬ ನೋಡಿದೆ. ಕಡೀ ತುಂಡು ಬಾಯಾಗ ಹಾಕ್ಕೊಂಡು ನುಂಗಿ ಓಡಿ ಹೋತು. ನೀವು ಬರದಂಗ ಇತ್ತು. ಇಲ್ಲದ್ದು ಇಲ್ಲ. ನನಗ ಅಳು ಬರಲಿಲ್ಲ. ಯಾಕ ಬರಲಿಲ್ಲ ಅಂತ ನಾನ ನೋಡಕೊಂತ ಕುಂತಿದ್ದೆ.

ಅಷ್ಟರಾಗ ನೀವೂ ಈಶಪ್ಪನೂ ಕೈ ತೊಳ್ಯಾಕ ನಳದ ಕಡೆ ಹೋದ್ರಿ. ನಾ ತಾಟು ಎತ್ತಾಕ ಕೈ ಚಾಚಿದೆ. ಶಿವಗಂಗಾ ಗಡಬಡಿಸಿ ಅಡ್ಡ ಬಂದು ನಿಮ್ಮ ತಾಟಿಗೆ ಕೈ ಹಾಕಿದ್ಲು. ಹಾಕಿದ್ರೇನಾತು, ತಾಟು ಆಗಲೇ ಸರದಿತ್ತು. ನಾ ನೋಡಿದೆ.

ನಿಮ್ಮ ತಾಟಿನ ಎಡಗಡಿ ಅಂಚಿನ ಕೆಳಗ ಒಂದು ತುಂಡು ರೊಟ್ಟಿ. ನಾಕು ಮಡಿಕಿ.

ಶಿವಗಂಗಾ ನನ್ನ ಮಾರಿ ನೋಡಿದ್ಲು. "ಕೂಸಿಗೆ ನಾ ಉಣಸೂದನ್ನ ದಿನಾ ನೋಡತಿದ್ರು, ಅವರ ಕೈಗೂ ಹತ್ತೈತಿ. ಅವರಿಗೆ ಅದರ ಖಬರ ಇಲ್ಲ" ಅಂದ್ಲು. "ಹೇಳಬಾರದೇನ?" ಅಂದೆ. "ಹೇಳಿದ್ರ ಬಿಡತಾರವ್ವಾ. ದಿನಾ ತಾಟು ಎತ್ತೂಮುಂದ ತಗೊಂಡು ಓಣಿ ಆಕಳಿಗೆ ಹಾಕತೇನಿ" ಅಂದ್ಲು. ನಿಮಗ ಹೇಳಬ್ಯಾಡ ಅಂತ ಚೆನ್ನಬಸವಣ್ಣನ ಗುಡಿ ಮುಂದ ನನ್ನ ಕಡಿಂದ ಆಣಿ ತಗೊಂಡ್ಲು.

ಆಣಿ ಮುರದೀನಿ. ನೀವು ನನಗ ಇದ್ದದ್ದು ಇದ್ದಂಗ ಬರದ್ರಿ, ನನಗ ಬ್ಯಾಡಾದದ್ದನ್ನೂ ಬರದ್ರಿ. ನಾ ಅದನ್ನ ಇಟಗೊಂಡು ಕುಂತ್ರ ಸರಿ ಅನಸಲಿಲ್ಲ. ಹುಡುಗಿ ಅವತ್ತ ನಿಮ್ಮ ತಾಟು ನೋಡಿ ಯಾಕ ನಕ್ಕಿತ್ತು ಅಂತ ಈಗ ನಿಮಗ ತಿಳದಿರಬೇಕು.

ನೀವು ನನ್ನ ಮಗಾ ಅಲ್ಲ. ಅವನ ಮಾರಿನೂ ನೀವು ನೋಡಿಲ್ಲ. ನಿಮ್ಮ ಕುದರಿ ಕತ್ಯಾಗ ಇದು ಎಲ್ಲಿ ಕೂಡತೈತೋ ನೀವ ನೋಡ್ರಿ.

ಆ ತುಂಡು ಶಿವಗಂಗಾ ನನ್ನ ಕೈಯಾಗ ಇಟ್ಲು. ಸೆರಗಿನ ತುದಿಗೆ ಕಟಗೊಂಡು ಬಂದೆ. ಮನಿಗೆ ಬಂದು ಕರಾಕ್ಕ ಕೊಟ್ಟೆ. ಮೂಸಿ ನೋಡಿ ತಿಂತು.

ಗಿರಿಜಾಬಾಯಿ


ಹಳಿಯಾಳ
೩ ಫೆಬ್ರವರಿ ೨೦೨೫

ಅವ್ವನವರಿಗೆ,

ನಿಮ್ಮ ಪತ್ರ ಬಂದ ಮೇಲೆ ಕೆಲವು ದಿನ ನಾನು ರೊಟ್ಟಿ ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ, ಅನ್ನ ಸಾಕು ಎಂದೆ. ಶಿವಗಂಗಾ ಏನೂ ಕೇಳದೆ ಅನ್ನ ಬಡಿಸಿದಳು. ತಾಟು ಎತ್ತುವಾಗ ಮಾತ್ರ ಅವಳ ಕೈ ಎಡಗಡೆಯ ಅಂಚಿನ ಕೆಳಗೆ ಹೋಗಿ, ಬರಿದೇ ಬರುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ.

ನಿನ್ನೆ ಭಾನುವಾರ, ಮಧ್ಯಾಹ್ನ ರೊಟ್ಟಿ ಕೇಳಿದೆ. ಕೊನೆಯ ತುಂಡು ಕೈಯಲ್ಲಿ ಉಳಿಯಿತು. ಶಿವಗಂಗಾ ಮಜ್ಜಿಗೆ ತರಲು ಒಳಗೆ ಹೋಗಿದ್ದಳು. ಅರಿವಿಲ್ಲದೆ ಮಾಡುತ್ತಿದ್ದದ್ದನ್ನು ಅರಿತು ಮಾಡಲು ಹೋದರೆ ಕೈ ಎಡವುತ್ತದೆ. ಮಡಿಕೆಗಳು ಕೂಡಲಿಲ್ಲ, ರೊಟ್ಟಿಯ ಅಂಚು ಮುರಿಯಿತು. ಹೇಗೋ ಒತ್ತಿ ಕೆಳಗೆ ಸರಿಸಿದೆ.

ಎದುರಿಗೆ ರಾಜಶ್ರೀ ನೋಡುತ್ತಿದ್ದಳು. ಈ ಸಲ ನಗಲಿಲ್ಲ. ಬಾಯಿಯ ಹತ್ತಿರ ಒಯ್ದಿದ್ದ ತನ್ನ ತುಂಡನ್ನು ಇಳಿಸಿದಳು, ಮಡಿಚಿದಳು. ನನಗಿಂತ ಚೆನ್ನಾಗಿ ಮಡಿಚಿದಳು. ಅದನ್ನು ನನ್ನ ತಾಟಿನ ಕೆಳಗೆ ಇಟ್ಟಳು. ಅವಳ ತಾಟಿನ ಕೆಳಗೆ ಇಟ್ಟರೆ ಇರುವೆ ಬರುತ್ತವಲ್ಲ.

ಶಿವಗಂಗಾ ಬಂದು ತಾಟು ಎತ್ತಿದಳು. ಎರಡು ತುಂಡು ಇದ್ದವು. ಎರಡನ್ನೂ ಮುಷ್ಟಿಯಲ್ಲಿ ಹಿಡಿದಳು. ನನ್ನ ಕಡೆ ನೋಡಲಿಲ್ಲ, ನಾನೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಆಮೇಲೆ ಬಾಗಿಲ ಹೊರಗೆ ಅವಳು ಆಕಳನ್ನು ಕರೆಯುವ ದನಿ ಕೇಳಿಸಿತು.

ನೀವು ಆಣೆ ಮುರಿದದ್ದು ಅವಳಿಗೆ ಗೊತ್ತಾಗುವುದು ಬೇಡ. ಮುಂದಿನ ಸಲ ಉಳವಿಯಲ್ಲಿ ಊಟಕ್ಕೆ ಕೂತಾಗ ನನ್ನ ತಾಟಿನ ಕಡೆ ನೋಡಬೇಡಿ.

ವೀರೇಶ